ನೀರು ಬಿಟ್ಟ ಕೈ

"ಮೇಡಂ, ಒಂದು ಪ್ರಶ್ನೆ ಕೇಳಬಹುದಾ?" ಎಂದು ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಾಗ ನಿರ್ಮಲಾ ಮೇಡಂ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಭಾಷಣದ ಕೊನೆಗೆ ಅವರು ಕಣ್ಣೊರೆಸಿಕೊಳ್ಳುವುದು ವಾಡಿಕೆ. ಕೇಳಿದವರಲ್ಲಿ ಅರ್ಧ ಜನ ಒರೆಸಿಕೊಳ್ಳುವುದೂ ವಾಡಿಕೆ. ಅದಾದ ಮೇಲೆ ವಂದನಾರ್ಪಣೆ, ಹಾರ, ಶಾಲು, ಟೀ ಬಿಸ್ಕತ್ತು. ಇಷ್ಟು ವರ್ಷದಲ್ಲಿ ಯಾರೂ ಆ ಕ್ರಮ ತಪ್ಪಿಸಿರಲಿಲ್ಲ.

ಚಳ್ಳಕೆರೆಯ ಆ ಕಾಲೇಜಿನ ಕರಿಹಲಗೆಯ ಮೇಲೆ ಅವರೇ ಎಳೆದ ಗೆರೆ ಇನ್ನೂ ಹಾಗೇ ಇತ್ತು. ಎಡಕ್ಕೆ ಮದಕರಿ ನಾಯಕ, ಬಲಕ್ಕೆ ಅಶೋಕ. 'ಇಬ್ಬರು ದೊರೆಗಳು' ಎಂಬ ಈ ಭಾಷಣ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಶಾಲೆಗಳಲ್ಲೆಲ್ಲ ಹೆಸರಾಗಿತ್ತು. ಮೊದಲಿಗೆ ಮೇಡಂ ಮಕ್ಕಳನ್ನೇ ಕೇಳುವರು, ಇಬ್ಬರಲ್ಲಿ ಯಾರು ದೊಡ್ಡವರು ಅಂತ. ದುರ್ಗದ ಸೀಮೆಯ ಮಕ್ಕಳು, ಹೇಳಬೇಕೇ? "ಮದಕರಿ!" ಎಂದು ಸೂರು ಹಾರಿಹೋಗುವಂತೆ ಕೂಗುತ್ತಿದ್ದವು. ಮೇಡಂ ನಗುತ್ತಾ ಆಗಲಿ ಎಂದು, ನಾಯಕ ಹೈದರನ ಸೈನ್ಯಕ್ಕೆ ಎದೆ ಕೊಟ್ಟು ಕೋಟೆ ಕಾದದ್ದನ್ನು, ಕೋಟೆ ಬಿದ್ದದ್ದನ್ನು, ಅವನು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣು ಮುಚ್ಚಿದ್ದನ್ನು ಹೇಳುವರು. ಸೋತ ದೊರೆಯ ಹೆಸರನ್ನು ನಾವು ಇವತ್ತಿಗೂ ಗಂಡುಮಕ್ಕಳಿಗೆ ಇಡುತ್ತೇವೆ. ಗೆದ್ದ ಅಶೋಕ ನಮ್ಮ ಗುಡ್ಡದ ಬಂಡೆಯ ಮೇಲೆ ಮಾತು ಕೆತ್ತಿಸಿದರೆ ಅದರ ಮೇಲೆ ಕೂತು ಬಳೆಗಾರರು ಬಳೆ ಮಾರಿದರು. ಹಾಗಾದರೆ ಯಾರದು ಉಳಿಯಿತು, ಯಾರದು ಅಳಿಯಿತು?

ಇಲ್ಲಿಗೆ ಬಂದಾಗ ಮೇಡಂ ದನಿ ಇಳಿಯುತ್ತಿತ್ತು. ಕಳಿಂಗದಲ್ಲಿ ಲಕ್ಷ ಜನರ ಸಾವಿಗೆ ಕಾರಣನಾದವನು, ಅದಕ್ಕಾಗಿ ನನಗೆ ಸಂಕಟವಾಗಿದೆ ಎಂದು ಕಲ್ಲಿನ ಮೇಲೆ ಬರೆಸಿದ. ತನ್ನ ತಪ್ಪನ್ನು ಕಲ್ಲಿನಲ್ಲಿ ಒಪ್ಪಿಕೊಂಡ ದೊರೆಯನ್ನು ಇನ್ನೊಬ್ಬನನ್ನು ತೋರಿಸಿ, ಎನ್ನುವರು. ಆಮೇಲೆ, "ನನಗೂ ಒಂದು ಕಳಿಂಗ ಇದೆ ಮಕ್ಕಳೇ" ಎಂದು ಲಕ್ಷ್ಮೀದೇವಿಯ ಕಥೆಗೆ ಬರುವರು.

ಲಕ್ಷ್ಮೀದೇವಿ ಅವರ ಹತ್ತನೇ ತರಗತಿಯ ಹುಡುಗಿ. ಕೊಂಡ್ಲಹಳ್ಳಿಯ ಕೂಲಿಯವರ ಮಗಳು, ಒಬ್ಬಳೇ ಮಗಳು, ಇತಿಹಾಸದಲ್ಲಿ ತರಗತಿಗೇ ಮೊದಲು. ಇಪ್ಪತ್ತೊಂದು ವರ್ಷದ ಹಿಂದೆ ಒಂದು ಕಾರ್ತೀಕದಲ್ಲಿ ಮೇಡಂ ಮಕ್ಕಳನ್ನು ಜಟಿಂಗರಾಮೇಶ್ವರ ಗುಡ್ಡಕ್ಕೆ ಅಶೋಕನ ಶಾಸನ ತೋರಿಸಲು ಕರೆದುಕೊಂಡು ಹೋಗಿದ್ದರು. ಅಲ್ಲಿಯ ಅಕ್ಷರಗಳು ಸವೆದು ಹೋಗಿವೆ. ನೀರು ಚಿಮುಕಿಸಿದರೆ ಕಲ್ಲು ಕಪ್ಪಾಗಿ ಅಕ್ಷರ ಎದ್ದು ಕಾಣುತ್ತವೆ. ಅದಕ್ಕೆಂದು, ಬಂಡೆಗಳ ಹಿಂದೆ ಮಳೆನೀರು ನಿಲ್ಲುವ ದೊಣೆಯಿಂದ ಒಂದು ಬಿಂದಿಗೆ ನೀರು ತಾರಮ್ಮ ಎಂದು ಹುಡುಗಿಯನ್ನು ಕಳಿಸಿದರು. ಪಾಚಿಯ ಮೇಲೆ ಕಾಲು ಜಾರಿತು.

"ಬಿದ್ದ ಸದ್ದು ಕೇಳಿದ್ದೇ ಓಡಿದೆ," ಎನ್ನುವರು ಮೇಡಂ. "ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಜಟಾಯು ರಾಮನ ತೊಡೆಯ ಮೇಲೆ ಪ್ರಾಣ ಬಿಟ್ಟ ಗುಡ್ಡ ಅದು ಅನ್ನುತ್ತಾರೆ. ಅಕ್ಷರಕ್ಕೆ ಅಂತ ತಂದಿದ್ದ ನೀರನ್ನ ಅವಳ ಬಾಯಿಗೆ ಬಿಟ್ಟೆ. ಎರಡು ಗುಟುಕು ಕುಡಿದಳು. ನನ್ನ ಮುಖ ನೋಡಿದಳು. ಅಷ್ಟೇ. ಅವತ್ತು ಒಬ್ಬರು ಜೊತೆಗೆ ಹೋಗಿ ಅಂತ ನಾನು ಹೇಳಿದ್ದರೆ ಆ ಮಗು ಇವತ್ತು ಇರುತ್ತಿತ್ತು. ಕಲ್ಲಿನಲ್ಲಿ ಬರೆಸೋ ಶಕ್ತಿ ನನಗಿಲ್ಲ, ನಿಮ್ಮ ಮುಂದೆ ಹೇಳ್ತಿದ್ದೀನಿ."

ಇಷ್ಟಾದ ಮೇಲೆ ಕಣ್ಣೊರೆಸಿಕೊಳ್ಳುವುದು. ಇವತ್ತೂ ಅಷ್ಟೇ ಆಗಿತ್ತು. ಆದರೆ ಆ ಹುಡುಗಿ ನಿಂತೇ ಇದ್ದಳು. ಹೆಸರು ರಶ್ಮಿತಾ ಎಂದಳು, ಮೊದಲ ವರ್ಷದ ಬಿ.ಎ. ಕೈಯಲ್ಲಿ ಒಂದು ನೋಟ್‌ಬುಕ್ಕು.

"ಮೇಡಂ, ಕಳಿಂಗದಾಗೂ ಅಶೋಕನ ಶಾಸನ ಐತಂತೆ. ಆದ್ರೆ ಸಂಕಟ ಆತು ಅನ್ನೋ ಮಾತು ಮಾತ್ರ ಅಲ್ಲಿ ಇಲ್ಲಂತೆ. ನಿಜನಾ ಮೇಡಂ?"

"ನಿಜ," ಎಂದರು ಮೇಡಂ.

"ದೂರ ದೂರದ ಕಡೆ ಬರೆಸಿ ಅಲ್ಲೇ ಯಾಕೆ ಬರೆಸಲಿಲ್ಲ? ಸತ್ತೋರ ಮನೆಯೋರು ಇದ್ದಿದ್ದು ಅಲ್ಲೇ ಅಲ್ವಾ? ಅವರೊಬ್ರನ್ನ ಬಿಟ್ಟು ಮಿಕ್ಕೋರಿಗೆ ಹೇಳಿದಂಗಾತಲ್ಲ ಮೇಡಂ."

ಹುಡುಗಿಯ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಅವಳು ಕೇಳಿದ್ದು ಅಶೋಕನನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ಮೇಡಂ ಸ್ಥಿತಿ. ಗೆದ್ದ ನಾಡಿನಲ್ಲಿ ಆಳುವವನು ತನ್ನ ತಪ್ಪನ್ನು ಹೇಳಿಕೊಂಡರೆ ದಂಗೆಗೆ ದಾರಿಯಾಗುತ್ತದೆ, ಅದಕ್ಕಿರಬಹುದು ಎಂದು ಪುಸ್ತಕದ ಉತ್ತರ ಕೊಟ್ಟರು. ರಶ್ಮಿತಾ ತಲೆಯಾಡಿಸಿ ಬರೆದುಕೊಂಡು ಕೂತಳು. ಪ್ರಿನ್ಸಿಪಾಲರು ಶಾಲು ಹೊದಿಸಿದರು. ಟೀ ಬಂದಾಗ ಮೇಡಂ ಲೋಟವನ್ನು ಹಾಗೇ ಮೇಜಿನ ಮೇಲಿಟ್ಟು ಎದ್ದರು.

ಇಪ್ಪತ್ತೊಂದು ವರ್ಷದಲ್ಲಿ ಅವರು ಒಂದು ಸಲವೂ ಕೊಂಡ್ಲಹಳ್ಳಿಗೆ ಹೋಗಿರಲಿಲ್ಲ. ಮೊದಮೊದಲು, ಈಗಲೇ ಬೇಡ, ಜನ ಸಿಟ್ಟಿನಲ್ಲಿದ್ದಾರೆ ಎಂದು ಹೆಡ್‌ಮಾಸ್ಟರು ತಡೆದರು. ಅಷ್ಟರಲ್ಲಿ ವರ್ಗವಾಯಿತು. ಆಮೇಲೆ, ಇಷ್ಟು ತಡವಾಗಿ ಹೋದರೆ ಏನಂದಾರೋ ಎಂಬ ಅಂಜಿಕೆ. ಆ ಅಂಜಿಕೆಯ ಮೇಲೆ ಒಂದೊಂದೇ ವರ್ಷ ಕೂತು ಅದನ್ನು ಗಟ್ಟಿ ಮಾಡಿತು. ನಡುವೆ ಯಾವುದೋ ಶಿಕ್ಷಕರ ಸಭೆಯಲ್ಲಿ ತಡೆಯಲಾರದೆ ಈ ಕಥೆ ಹೇಳಿಬಿಟ್ಟಾಗ ಎಲ್ಲರೂ ಅತ್ತರು, ಎಂಥ ದೊಡ್ಡ ಮನಸ್ಸು ಎಂದರು. ಅತ್ತರೆ ಹಗುರವಾಗುತ್ತದೆ ಎಂಬುದು ಮೇಡಂಗೆ ಅವತ್ತು ಗೊತ್ತಾಯಿತು.

ಮರುದಿನ ಬೆಳಿಗ್ಗೆಯೇ ಅವರು ಬಳ್ಳಾರಿ ಕಡೆಯ ಬಸ್ಸು ಹತ್ತಿದರು. ಒಂದು ಕೈಚೀಲ, ಅದರಲ್ಲಿ ಬಾಳೆಹಣ್ಣು, ಒಂದು ಸೀರೆ. ಸೀರೆ ತರಬಾರದಿತ್ತೇನೋ ಎಂದು ತಳಕು ಬರುವವರೆಗೆ ಯೋಚಿಸಿದರು. ತಳಕಿನಲ್ಲಿ ಇಳಿಯುವವರು ಇಳಿದು ಬಸ್ಸು ಖಾಲಿಯಾದ ಮೇಲೆ ಯೋಚಿಸಲು ಸೀರೆಯ ವಿಷಯ ಉಳಿಯಲಿಲ್ಲ. ನಿಜ ಎದುರಿಗೆ ಬಂದು ಕೂತಿತು.

ಅವರು ಓಡಿರಲಿಲ್ಲ. ಹುಡುಗಿ ನೀರಿಗೆ ಹೋದ ಮೇಲೆ ಇನ್ನೊಬ್ಬಳು ತನ್ನ ಕುಡಿಯುವ ನೀರಿನ ಬಾಟಲಿ ಕೊಟ್ಟಿದ್ದಳು. ಆ ನೀರು ಹುಯ್ದಾಗ ಅಕ್ಷರ ಎದ್ದವು. ತಾಯಿತಂದೆಯರ ಮಾತು ಕೇಳಬೇಕು, ಜೀವಗಳ ಮೇಲೆ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು. ಒಂದೊಂದಕ್ಷರಕ್ಕೂ ಬೆರಳಿಟ್ಟು ಓದಿ ಹೇಳುವ ಖುಷಿಯಲ್ಲಿ ನೀರಿಗೆ ಹೋದವಳು ಮರೆತೇ ಹೋದಳು. ಎರಡು ಗಂಟೆಯ ನಂತರ ಗುಡಿಯ ಹತ್ತಿರ ಊಟಕ್ಕೆ ಕೂತು ತಲೆ ಎಣಿಸಿದಾಗ ಒಂದು ಕಡಿಮೆ ಬಂತು. ಹೋಗಿ ನೋಡಿದರೆ ಎರಡು ಬಂಡೆಗಳ ಸಂದಿನಲ್ಲಿ ಬಿದ್ದಿದ್ದಳು, ಉಸಿರು ಇರಲಿಲ್ಲ. ಬಿಂದಿಗೆ ಮೇಲೆಯೇ ಉಳಿದಿತ್ತು, ಬರಿದು. ಮೇಡಂ ಹತ್ತು ಮಾರು ಆಚೆಗೇ ಕುಸಿದರು. ಎತ್ತಿ ತಂದದ್ದು ಗುಡಿಯ ಇಬ್ಬರು ಆಳುಗಳು. ಹುಡುಗಿಯನ್ನು ಮುಟ್ಟಲೂ ಮೇಡಂ ಕೈಯಲ್ಲಿ ಆಗಲಿಲ್ಲ.

ಸಂಜೆ ಹೆಡ್‌ಮಾಸ್ಟರು ಬಂದವರೇ, "ನೀವು ಹೋದಾಗ ಉಸಿರಿತ್ತೇನಮ್ಮ?" ಎಂದರು. ಇತ್ತು ಎನ್ನದೆ ಬೇರೆ ದಾರಿ ಕಾಣಲಿಲ್ಲ. "ಇತ್ತು ಸಾರ್. ನನ್ನ ತೊಡೆ ಮೇಲೆ ಹೋಯ್ತು." ಅವರು ನಿಟ್ಟುಸಿರು ಬಿಟ್ಟು, ಹಾಗಂತಲೇ ಬರೆದುಕೊಡಿ ಎಂದರು. ಆಳುಗಳನ್ನಾಗಲಿ ಮಕ್ಕಳನ್ನಾಗಲಿ ಯಾರೂ ಕೇಳಲಿಲ್ಲ. ನೀರು ಕುಡಿಸಿದ್ದು ಆಮೇಲೆ, ಭಾಷಣಗಳಲ್ಲಿ, ತಾನಾಗೇ ಸೇರಿಕೊಂಡಿತು. ಇವತ್ತು ಅದನ್ನೆಲ್ಲ ಹೇಳಿಬಿಡುತ್ತೇನೆ, ಅವರು ಚಪ್ಪಲಿಯಲ್ಲಿ ಹೊಡೆದರೂ ಸರಿ, ಎಂದುಕೊಂಡು ಮೇಡಂ ಕೊಂಡ್ಲಹಳ್ಳಿಯಲ್ಲಿ ಇಳಿದರು.

ಲಕ್ಷ್ಮೀದೇವಿಯ ಅಪ್ಪ ಕೆಂಚಣ್ಣನ ಮನೆ ಎಂದರೆ ಅಂಗಡಿಯವನು ಬಾಯಿ ಬಿಡದೆ ಗದ್ದದಲ್ಲೇ ದಾರಿ ತೋರಿಸಿದ. ಊರ ಕೊನೆಯಲ್ಲಿ ಎರಡಂಕಣದ ತಗಡಿನ ಮನೆ. ಅಂಗಳದಲ್ಲಿ ಹಾಸಿದ ಗೋಣಿತಾಟಿನ ಮೇಲೆ ಶೇಂಗಾದ ರಾಶಿ, ಅದರ ಮುಂದೆ ಹುಡುಗಿಯ ತಾಯಿ ಯರ್ರಮ್ಮ ಒಂದು ಕಾಲು ಚಾಚಿ ಕೂತು ಕಾಯಿ ಬಿಡಿಸುತ್ತಿದ್ದಳು. ಬಿತ್ತನೆಯ ಬೀಜ. ಮಿಷನ್ನಿಗೆ ಹಾಕಿದರೆ ಬೀಜದ ಮೇಲಿನ ಕೆಂಪು ಸಿಪ್ಪೆ ಸುಲಿದು ಮೊಳಕೆ ಕೆಡುತ್ತದೆಂದು ಈಗಲೂ ಕೈಯಲ್ಲೇ ಬಿಡಿಸುತ್ತಾರೆ. ಬಂದವರನ್ನು ನೋಡಿ ಅವಳ ಕೈ ನಿಂತಿತು. ಗುರುತು ಹೇಳಬೇಕೆಂದು ಮೇಡಂ ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದಳು.

"ಬರ್ರಿ ಮೇಡಂನೋರೆ. ಒಳಗೆ ಬರ್ರಿ."

"ನಾನು ಯಾರು ಅಂತ..."

"ಪೇಪರಿನಾಗೆ ಬಂದಿತ್ತಲ್ರಿ ನಿಮ್ ಪೋಟ. ಪಕ್ಕದ ಮನೆ ಗೀತಮ್ಮ ತೋರ್ಸಿದ್ಲು."

ಸಿಟ್ಟಿಲ್ಲ, ಅಳುವಿಲ್ಲ. ನೀರಿನ ಚೆಂಬು ತಂದು ಕಾಲು ತೊಳೆಯಲು ಕೊಟ್ಟಳು. ಒಳಗಿನಿಂದ ಒಂದು ಗಂಡುದನಿ ಮನೆಮಾತಿನ ತೆಲುಗಿನಲ್ಲಿ, "ಎವರೇ ಅದಿ?" ಎಂದಿತು. ಯಾರು ಬಂದರೆಂದು ಕೇಳಿದ್ದು. ಯರ್ರಮ್ಮ ಒಂದು ಕ್ಷಣ ಮೇಡಂ ಮುಖವನ್ನೇ ನೋಡಿ, "ಲಕ್ಷ್ಮಿ ಮೇಡಂನೋರು ಬಂದವ್ರೆ," ಎಂದಳು.

ಬಾಗಿಲ ಬೆಳಕಿನಲ್ಲಿ ಚಾಪೆಯ ಮೇಲೆ ಕೂತಿದ್ದ ಕೆಂಚಣ್ಣನ ಮುಂದೆಯೂ ಒಂದು ಮೊರದ ತುಂಬ ಶೇಂಗಾ. ನಾಲ್ಕು ವರ್ಷದಿಂದ ಕಣ್ಣು ಪೂರ್ತಿ ಹೋಗಿತ್ತು. ಬೆರಳಿನಲ್ಲೇ ಸವರಿ ಜೊಳ್ಳನ್ನು ಒಂದು ಕಡೆ, ಗಟ್ಟಿಯನ್ನು ಒಂದು ಕಡೆ ಹಾಕುತ್ತಿದ್ದ. ಹೆಂಡತಿಯ ಮಾತು ಕೇಳಿ ಅವನ ಬೆರಳುಗಳು ಮೊರದೊಳಗೇ ಉಳಿದವು. ಆಮೇಲೆ ಗಡಬಡಿಸಿ ಟವಲ್ಲು ಹುಡುಕಿ ಹೆಗಲ ಮೇಲೆ ಹಾಕಿಕೊಂಡ.

"ಬಂದ್ರಾ ತಾಯಿ," ಎಂದ. "ಬಂದೇ ಬರ್ತಾರೆ ಅಂತ ಇವ್ಳಿಗೆ ಹೇಳ್ತಾನೇ ಇದ್ದೆ. ಕುಂದ್ರಿ. ಯರ್ರಿ, ಈಚಲ ಚಾಪೆ ಹಾಸು, ಗೋಡೆಗಾನ್ಸಿ."

ಮೇಡಂ ಕೂತರು. ಗೋಡೆಯ ಮೇಲೆ ಎರಡು ಜಡೆ ಹಾಕಿಕೊಂಡ ಹುಡುಗಿಯ ಫೋಟೋ ಇತ್ತು, ಶಾಲೆಯ ಗುಂಪುಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಪಕ್ಕದಲ್ಲಿ ನಿಂತವರ ಅರ್ಧ ಭುಜ ಅದರಲ್ಲಿ ಉಳಿದುಬಿಟ್ಟಿತ್ತು. ಆ ಭುಜ ತನ್ನದೇ ಎಂದು ಮೇಡಂಗೆ ಸೀರೆಯ ಅಂಚಿನಿಂದ ತಿಳಿಯಿತು. ಬರುವಾಗ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ ತಿಳಿಯದೆ, "ಆರೋಗ್ಯ ಹೇಗಿದೆ?" ಎಂದರು. ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

"ನಮ್ದೇನ್ ಬಿಡ್ರಿ," ಎಂದ ಕೆಂಚಣ್ಣ. "ನಿಮ್ ಭಾಷಣ ಕೇಳೀನಿ ತಾಯಿ. ಗೀತಮ್ಮ ಮೊಬೈಲಿನಾಗೆ ಹಾಕಿ ಕೇಳ್ಸಿದ್ಲು. ಇಬ್ರು ದೊರೆಗಳು. ಆಯಪ್ಪ ಅಶೋಕ ದೊಡ್ಡೋನು ಅಂತೀರಿ ನೀವು. ನೀವು ಓದಿದೋರು. ನಂಗೇನೋ ನಮ್ ನಾಯಕನೇ ದೊಡ್ಡೋನು ಅನ್ನಿಸ್ತೈತೆ."

"ಯಾಕೆ?" ಎಂದರು ಮೇಡಂ. ಪಾಠದ ಮೇಷ್ಟರ ಬಾಯಿ, ತಾನಾಗೇ ಕೇಳಿಬಿಟ್ಟಿತು.

"ಕೋಟೆ ಬಿದ್ದಾಗ ಅವ್ನ ಜನ್ರನ್ನ ಹಿಡ್ಕಂಡು ಪಟ್ಣಕ್ಕೆ ಒಯ್ದ್ರು. ಅವನ್ನೂ ಒಯ್ದ್ರು. ಜನ ಸತ್ತ ಕಡೆಗೆ ತಾನೂ ಸತ್ತ. ಅಶೋಕ ಅತ್ತ ಅಂತೀರಿ, ಇಲ್ಲ ಅನ್ನಲ್ಲ. ಎಲ್ಲಿ ಕುಂತು ಅತ್ತ? ಬಿದ್ದೋರ ತಲೆ ಹತ್ರ ಕುಂತು ಅತ್ನಾ? ಅರಮನ್ಯಾಗೆ ಕುಂತು ಅತ್ತಿರ್ತಾನೆ. ದೊರೆ ಅಂದ್ರೆ ಹತ್ರ ಇರ್ಬೇಕು ತಾಯಿ." ಕೆಂಚಣ್ಣ ಮುಖವನ್ನು ಅವರ ದನಿ ಬಂದ ಕಡೆಗೆ ತಿರುಗಿಸಿ ನಕ್ಕ. "ನೀವು ಅಂಗಲ್ಲ. ನೀವು ಹತ್ರ ಇದ್ರಿ."

ಯರ್ರಮ್ಮ ಹೊಸ್ತಿಲ ಹತ್ತಿರ ಕೂತು ಮತ್ತೆ ಕಾಯಿ ಬಿಡಿಸುತ್ತಿದ್ದಳು. ಸಿಪ್ಪೆ ಒಡೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ಹೆತ್ತೋರು ನಾವು ಇಲ್ಲಿ ಕಳೆ ತೆಗೀತಿದ್ವಿ," ಎಂದ ಕೆಂಚಣ್ಣ. "ಸಾಯೋ ಹೊತ್ನಾಗೆ ಬಾಯಿಗೆ ನೀರು ಬಿಡೋ ಪುಣ್ಯ ನಮ್ಗಿರ್ಲಿಲ್ಲ. ನೀವು ಬಿಟ್ರಿ. ನೀರು ಬಿಟ್ಟೋರು ಹೆತ್ತೋರಿಗೆ ಸಮ. ಯರ್ರಿ, ಆ ಗಂಟು ತಾ."

ಯರ್ರಮ್ಮ ಎದ್ದು ಒಳಗಿನ ಟ್ರಂಕಿನಿಂದ ಹಳೇ ಸೀರೆಯ ಒಂದು ಗಂಟು ತಂದು ಮೇಡಂ ಮುಂದೆ ಬಿಚ್ಚಿದಳು. ಒಳಗೆ ರವಿಕೆ ಕಣಗಳು. ಹಸಿರು, ಕೆಂಪು, ಅರಿಶಿನ, ನೇರಳೆ. ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ ನಡುವೆ ಒಂದೊಂದು ಬೇವಿನ ಎಲೆ ಇಟ್ಟಿತ್ತು. ಕೆಳಗಿನವು ಮಡಿಕೆಯ ಗೆರೆಯಲ್ಲಿ ಬಣ್ಣ ಬಿಟ್ಟಿದ್ದವು.

"ವರ್ಷಾ ಹಿರೇರ ಹಬ್ಬದಾಗೆ ಲಕ್ಷ್ಮಿಗೆ ಎಡೆ ಇಡ್ತೀವಿ. ಎಡೆ ಇಟ್ಟಾಗ ತೊಡೆ ಕೊಟ್ಟ ತಾಯಿಗೂ ಒಂದು ಕಣ ಎತ್ತಿಡು ಅಂತ ಇವ್ಳಿಗೆ ಹೇಳಿದ್ದೆ. ಬಂದಾಗ ಕೊಡಾಣ ಅಂತ. ಇಪ್ಪತ್ತೊಂದು ಅವೆ. ತಗಳ್ರಿ, ನಿಮ್ವು."

ಇಪ್ಪತ್ತೊಂದು ವರ್ಷ ಈ ಹೆಂಗಸು ಸಂತೆಗೆ ಹೋಗಿ ಬಣ್ಣ ಆರಿಸಿ ತಂದು ಮಡಿಸಿಟ್ಟಿದ್ದಳು. ಅದೇ ಇಪ್ಪತ್ತೊಂದು ವರ್ಷ ತಾವು ಶಾಲು ಹೊದ್ದುಕೊಂಡು ಬಂದಿದ್ದರು. ಇನ್ನು ಒಂದು ಗಳಿಗೆಯೂ ತಡೆಯಲಾರೆ ಅನ್ನಿಸಿ, "ಕೆಂಚಣ್ಣನವರೇ, ನಾನು ನಿಮಗೊಂದು ನಿಜ ಹೇಳೋಕೆ ಅಂತ ಬಂದೆ. ಅವತ್ತು..." ಎಂದರು.

"ಮೇಡಂನೋರೆ."

ಯರ್ರಮ್ಮನ ದನಿ ದೊಡ್ಡದ್ದೇನಾಗಿರಲಿಲ್ಲ. ಮೇಡಂ ತಿರುಗಿ ನೋಡಿದರು. ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ನೇರವಾಗಿ ನೋಡುತ್ತಿದ್ದಳು. ತಲೆಯನ್ನು ಒಂದೇ ಒಂದು ಸಲ ಅಡ್ಡಡ್ಡ ಆಡಿಸಿದಳು.

"ಅವ್ರಿಗೆ ಆ ನೀರು ಕುಡಿದ ಮಾತು ಹೇಳ್ರಿ. ಮೊಬೈಲಿನಾಗೆ ಕೇಳಿರೋದು ಬ್ಯಾರೆ, ನಿಮ್ ಬಾಯಾಗೆ ಕೇಳ್ಬೇಕು ಅಂತ ಕಾದವ್ರೆ. ಅಷ್ಟು ಹೇಳ್ರಿ, ಸಾಕು."

ಅವಳಿಗೆ ಗೊತ್ತಿದೆ. ಎಷ್ಟು ಗೊತ್ತಿದೆ, ಹೇಗೆ ಗೊತ್ತಾಯಿತು ಎಂಬುದು ಮೇಡಂಗೆ ತಿಳಿಯಲಿಲ್ಲ. ಗೊತ್ತಿದೆ ಎಂಬುದು ಮಾತ್ರ ಆ ನೋಟದಲ್ಲಿ ಸ್ಪಷ್ಟವಾಗಿತ್ತು. ಕೆಂಚಣ್ಣ ಮೊರವನ್ನು ಪಕ್ಕಕ್ಕೆ ಸರಿಸಿ, ಗುಡಿಯಲ್ಲಿ ಪ್ರಸಾದಕ್ಕೆ ಕೂತವನಂತೆ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ.

ನೂರು ಸಲ ಹೇಳಿದ್ದ ಮಾತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪದೆ ಹೇಳಬಲ್ಲ ಮಾತು. ಈಗ ಒಂದೊಂದು ಪದವೂ ನಾಲಿಗೆಗೆ ಅಂಟಿಕೊಂಡು ಬಿಡಲೊಲ್ಲದು. "ಬಿದ್ದ ಸದ್ದು ಕೇಳಿ... ಓಡಿದೆ," ಎಂದರು. "ತೊಡೆ ಮೇಲೆ ಮಲಗಿಸಿಕೊಂಡೆ."

"ಬಲಗಡೆ ತೊಡೆನಾ ತಾಯಿ?"

"ಬಲಗಡೆ."

"ನೀರು ತಣ್ಣಗಿತ್ತಾ?"

"ತಣ್ಣಗಿತ್ತು. ಎರಡು ಗುಟುಕು ಕುಡಿದಳು."

"ಬಾಯಾರಿತ್ತು ಕೂಸಿಗೆ," ಎಂದ ಕೆಂಚಣ್ಣ. ಅವನ ಕುರುಡುಗಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ನಿಂತಿತು. ಕೇಳಲೋ ಬೇಡವೋ ಎಂಬಂತೆ ಕೇಳಿದ. "ನನ್ನ ಕೇಳಿದ್ಲಾ?"

ಭಾಷಣದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹೊಸ್ತಿಲಲ್ಲಿ ಮತ್ತೆ ಶುರುವಾಗಿದ್ದ ಕಾಯಿ ಬಿಡಿಸುವ ಸದ್ದು ನಿಂತಿತು. ಇಷ್ಟು ವರ್ಷ ಕೇಳುವವರು ಅಳಲಿ ಎಂದು ಸೇರಿಸಿದ ಸುಳ್ಳುಗಳೆಲ್ಲ ಇದರ ಮುಂದೆ ಏನೇನೂ ಅಲ್ಲ ಎಂದು ಮೇಡಂಗೆ ಅನ್ನಿಸಿತು.

"ಅಪ್ಪಾ ಅಂದಳು," ಎಂದರು.

ಕೆಂಚಣ್ಣ ಕೈ ಚಾಚಿದ. ಏನು ಬೇಕೆಂದು ತಿಳಿಯದೆ ಮೇಡಂ ತಮ್ಮ ಕೈ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೀಜ ಸವರುವಂತೆ ಒಂದೊಂದು ಬೆರಳನ್ನೂ ಸವರಿದ. "ಇದೇ ಕೈ ಅಲ್ವಾ," ಎಂದು ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡ. ಶೇಂಗಾದ ಮಣ್ಣು ಮೆತ್ತಿದ ಒರಟು ಕೈಗಳು, ಜ್ವರ ಬಂದವರ ಹಾಗೆ ಬಿಸಿಯಾದ ರೆಪ್ಪೆಗಳು. ಕೈಯನ್ನು ಕಿತ್ತುಕೊಳ್ಳಬೇಕು ಅನ್ನಿಸಿತು, ಕಿತ್ತುಕೊಳ್ಳಲು ಆಗಲಿಲ್ಲ.

ಊಟ ಮಾಡಿಕೊಂಡು ಹೋಗಿ ಎಂದು ಕೆಂಚಣ್ಣ ಒತ್ತಾಯ ಮಾಡಿದ. ಬಸ್ಸು ತಪ್ಪುತ್ತದೆ ಎಂದು ಯರ್ರಮ್ಮನೇ ಬಿಡಿಸಿದಳು. ಗಂಟನ್ನು ಕಟ್ಟಿ ಮೇಡಂ ಕೈಗೆ ಕೊಟ್ಟು, ಬಸ್ಸು ನಿಲ್ಲುವ ಬೇವಿನ ಮರದವರೆಗೆ ಕಳಿಸಿ ಬರುತ್ತೇನೆಂದು ಜೊತೆಗೆ ಹೊರಟಳು. ಮರದ ಹತ್ತಿರ ಬಂದದ್ದೇ ಮೇಡಂ ಗಂಟನ್ನು ಕೆಳಗಿಟ್ಟು ಅವಳ ಕಾಲಿಗೆ ಬಗ್ಗಿದರು. ಯರ್ರಮ್ಮ ಹಿಂದೆ ಸರಿದಳು.

"ಬ್ಯಾಡ್ರಿ. ಅದೆಲ್ಲ ಬ್ಯಾಡ."

"ನಿಮಗೆ ಹೇಗೆ ಗೊತ್ತಾಯ್ತು?"

"ಕೂಸಿನ ಮೈ ತೊಳ್ದೋಳು ನಾನೇ ಅಲ್ವೇನ್ರಿ." ಯರ್ರಮ್ಮ ರಸ್ತೆಯ ಕಡೆ ನೋಡುತ್ತಾ ಹೇಳಿದಳು. "ಆಸ್ಪತ್ರೆಯಿಂದ ತಂದ ಮ್ಯಾಲೆ ಜಡೆ ಬಿಚ್ಚಿದೆ, ಇರುವೆ ಇದ್ವು. ಹೋಗ್ಲಿ ಅಂದ್ಕಂಡೆ. ಕೈ ತೊಳೆಯಾಕೋದ್ರೆ ಹತ್ತೂ ಉಗುರಿನಾಗೆ ಪಾಚಿ. ಎರಡು ಉಗುರು ಕಿತ್ತೋಗಿದ್ವು. ತೊಡೆ ಮ್ಯಾಲೆ ಮಲಗಿದ ಕೂಸು ಬಂಡೆ ಯಾಕೆ ಕೆರೀತೈತೆ? ಹತ್ತಾಕೆ ನೋಡವಳೆ. ಭಾಳೊತ್ತು ನೋಡವಳೆ."

ಮೇಡಂ ಮರಕ್ಕೆ ಕೈ ಕೊಟ್ಟರು.

"ಇವ್ರಿಗೆ ಹೇಳ್ಲಿಲ್ಲ. ತೊಡೆ ಮ್ಯಾಲೆ ಹೋತಂತೆ ಅಂತ ಯಾರೋ ಬಂದು ಹೇಳಿದ ಮ್ಯಾಲೇನೇ ಅವ್ರು ಒಂದು ತುತ್ತು ಉಂಡಿದ್ದು. ಆ ಮಾತ್ನಾಗೇ ಇವತ್ತಿನ ತನಕ ಬದುಕವ್ರೆ. ಅಪ್ಪಾ ಅಂದ್ಲು ಅಂದ್ರಲ್ಲ ಇವತ್ತು, ಒಳ್ಳೇದಾತು. ಇನ್ನೊಂದಿಷ್ಟು ದಿನ ಆಗ್ತೈತೆ ಅವ್ರಿಗೆ."

"ನಾನು ದೊಡ್ಡ ಪಾಪಿ ಯರ್ರಮ್ಮ."

"ಅದು ನಿಮ್ಗೂ ದೇವ್ರಿಗೂ ಬಿಟ್ಟಿದ್ದು. ನಂದೊಂದು ಮಾತು ನಡೆಸ್ಕೊಡ್ರಿ. ಇನ್ಮ್ಯಾಲೆ ಊರೂರಾಗೆ ಅದನ್ನ ಹೇಳಬ್ಯಾಡ್ರಿ. ಹೇಳೋದಾದ್ರೆ ಇಲ್ಲಿಗೆ ಬಂದು ಹೇಳ್ರಿ. ಹಿರೇರ ಹಬ್ಬಕ್ಕೆ ಬರ್ರಿ, ಅವ್ರ ಮುಂದೆ ಕುಂತು ಹೇಳಿ, ಕಣ ತಗಂಡು ಹೋಗ್ರಿ. ಅವ್ರು ಇರೋ ತನಕ." ಯರ್ರಮ್ಮ ಸೆರಗನ್ನು ತಲೆಗೆ ಎಳೆದುಕೊಂಡಳು. "ಅವ್ರು ಹೋದ ಮ್ಯಾಲೆ ಒಂದ್ಸಲ ಬರ್ರಿ. ಆವಾಗ ನಂಗೆ ಹೇಳೀರಂತೆ. ಎಷ್ಟೊತ್ತು ಬಿದ್ದಿದ್ಲು. ಕೂಗಿದ್ಲೇನು, ಏನಂತ ಕೂಗಿದ್ಲು. ಹುಡುಗ್ರನ್ನ ಬಿಟ್ರೆ ನೀವೊಬ್ರೇ ಅಲ್ವಾ ಅಲ್ಲಿದ್ದಿದ್ದು."

ಕೂಗಿದ್ದಳು. ಎರಡು ಸಲ. ಬಂಡೆಯ ಮೇಲೆ ಬೆರಳಿಟ್ಟು ಓದುತ್ತಿದ್ದ ನಿರ್ಮಲಾ ಮೇಡಂಗೆ ಅದು ಸ್ಪಷ್ಟವಾಗಿ ಕೇಳಿಸಿತ್ತು. 'ಅವ್ವಾ' ಎಂದು. ಕೆಳಗೆ ಕುರಿ ಕಾಯುವವರ ಮಗು ಯಾರನ್ನೋ ಕರೆಯುತ್ತಿದೆ ಎಂದುಕೊಂಡು ಅವರು ಮುಂದಿನ ಸಾಲಿಗೆ ಹೋಗಿದ್ದರು. ಗಂಡನಿಗೂ ಹೆಡ್‌ಮಾಸ್ಟರಿಗೂ ಯಾವ ಸಭೆಯಲ್ಲೂ ಹೇಳದ ಆ ಒಂದು ಮಾತು ಈಗ ಬಾಯಿಗೆ ಬಂತು.

"ಯರ್ರಮ್ಮ, ಅವಳು..."

"ಈಗ ಬ್ಯಾಡ," ಎಂದು ಯರ್ರಮ್ಮ ಕೈಯೆತ್ತಿ ತಡೆದಳು. "ಈಗ ಕೇಳಿದ್ರೆ ಅವ್ರ ಮುಂದೆ ಮುಚ್ಚಿಡಾಕೆ ನನ್ ಕೈಲಿ ಆಗಲ್ಲ."

ಅವಳು ತಿರುಗಿ ಮನೆಯ ಕಡೆ ನಡೆದಳು. ಅಂಗಳದಲ್ಲಿ ಕೋಳಿಯೊಂದು ಬಿತ್ತನೆಯ ರಾಶಿಗೆ ಬಾಯಿ ಹಾಕಿತ್ತು, ಅದನ್ನು ಓಡಿಸಿ, ಚೆಲ್ಲಿದ ಬೀಜವನ್ನು ಗೋರಿ, ಮತ್ತೆ ಕಾಲು ಚಾಚಿ ಕೂತಳು. ಬಸ್ಸು ಬಂದು, ಕೈ ಅಡ್ಡ ಹಾಕುವವರಿಲ್ಲದೆ ನಿಲ್ಲದೆ ಹೋಯಿತು. ಅದರ ಸದ್ದಿಗೆ ಒಳಗಿನಿಂದ ಕೆಂಚಣ್ಣ ಕೂಗಿ ಕೇಳಿದ್ದು ಮರದವರೆಗೂ ಕೇಳಿಸಿತು.

"ಯರ್ರೀ, ತಾಯಿ ಹತ್ತಿದ್ರಾ?"

ಯರ್ರಮ್ಮ ತಲೆಯೆತ್ತಿ ಬೇವಿನ ಮರದ ಕಡೆ ನೋಡಿದಳು. ಮೇಡಂ ಅಲ್ಲೇ ಗಂಟನ್ನು ಎದೆಗೆ ಅವಚಿಕೊಂಡು ನಿಂತಿದ್ದರು.

"ಹತ್ತಿದ್ರು," ಎಂದಳು. "ಕುಂದ್ರಾಕೆ ಸೀಟೂ ಸಿಕ್ತು."